ತುಕ್ಕಿನ ಹಂತ ನೋಡಿ ವಿಧಾನ ಆರಿಸುವುದು: ಸ್ಕೇಲ್ ಮಾಡೆಲ್ ಮಾಡುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಪ್ಲಾಸ್ಟಿಕ್ಕಿನ ಟ್ಯಾಂಕು, ಲಾರಿ, ಹಡಗು ಅಥವಾ ರೈಲಿನ ವ್ಯಾಗನ್ನನ್ನು ಜೋಡಿಸಿ ಮುಗಿಸಿ, ಅದಕ್ಕೆ ತುಕ್ಕು ಹಿಡಿದ ನೋಟ ತರಬೇಕೆಂದು ಕುಳಿತಾಗ ಎದುರಾಗುವ ಮೊದಲ ತೊಡಕೆಂದರೆ ವಿಧಾನಗಳ ಸಂಖ್ಯೆ. ಸ್ಪಂಜಿನಿಂದ ಬಣ್ಣ ಒತ್ತುವುದು, ಹೇರ್ ಸ್ಪ್ರೇ ಬಳಸಿ ಮೇಲಿನ ಬಣ್ಣವನ್ನು ಎಬ್ಬಿಸುವುದು, ಉಪ್ಪಿನ ಹರಳು ಅಂಟಿಸುವುದು, ತೈಲವರ್ಣ, ಎನಾಮಲ್ ವಾಶ್ (ಸಂದುಗಳಿಗೆ ಹರಿಯುವಷ್ಟು ತೆಳುವಾದ ಬಣ್ಣ), ಪಿಗ್ಮೆಂಟ್ ಪುಡಿ (ಒಣಬಣ್ಣದ ಪುಡಿ), ಕೊನೆಗೆ ನಿಜವಾದ ಕಬ್ಬಿಣದ ಪುಡಿಗೇ ತುಕ್ಕು ಹಿಡಿಸುವುದು: ಪ್ರತಿಯೊಂದಕ್ಕೂ ಅದೇ ಎಲ್ಲಕ್ಕಿಂತ ಉತ್ತಮವೆಂದು ವಾದಿಸುವವರಿದ್ದಾರೆ. ಹಲವು ವರ್ಷ ಇವನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದ ಮೇಲೆ ನಾನು ತಲುಪಿದ ಅಭಿಪ್ರಾಯ ಇಷ್ಟು: ತುಕ್ಕು ಬೆಳೆಯುವುದು ಹಂತಹಂತವಾಗಿ, ಮತ್ತು ಈ ವಿಧಾನಗಳಲ್ಲಿ ಒಂದೊಂದೂ ಒಂದೊಂದು ಹಂತವನ್ನು ಮಾತ್ರ ಚೆನ್ನಾಗಿ ತೋರಿಸಬಲ್ಲದು. ಆದ್ದರಿಂದ ಯಾವ ವಿಧಾನ ಎಂದು ಕೇಳುವ ಮೊದಲು, ನನ್ನ ಮುಂದಿರುವ ಮಾದರಿಯಲ್ಲಿ ತುಕ್ಕು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿಕೊಳ್ಳಬೇಕು.

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಎರಡೂ ತಗುಲಿದಾಗ ತುಕ್ಕು ಹುಟ್ಟುತ್ತದೆ. ಉಪ್ಪುನೀರಿದ್ದರೆ ಈ ಕ್ರಿಯೆ ಬಹಳ ವೇಗ ಪಡೆಯುತ್ತದೆ. ಬಣ್ಣ ಬಳಿದ ಉಕ್ಕಿನಲ್ಲಿ ಅದು ಮೊದಲು ಕಾಣಿಸುವುದು ಬಣ್ಣ ತೆಳುವಾಗಿರುವ ಅಂಚು, ಬೋಲ್ಟಿನ ತಲೆ, ಬೆಸುಗೆಯ ಗೆರೆ ಮತ್ತು ನೀರು ನಿಲ್ಲುವ ಮೂಲೆಗಳಲ್ಲಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣದ ಅಡಿಯಲ್ಲೇ ಉಬ್ಬಿ, ಬಣ್ಣವನ್ನು ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಆಮೇಲೆ ಸುತ್ತಲಿನ ಬಣ್ಣಕ್ಕೆ ಕಲೆ ಹಬ್ಬುತ್ತದೆ. ಮಳೆಯ ನೀರು ಆ ಕಲೆಯನ್ನು ಕೆಳಕ್ಕೆ ಒಯ್ದು ಉದ್ದನೆಯ ಇಳಿಗೆರೆಗಳನ್ನು ಮೂಡಿಸುತ್ತದೆ. ಬಹಳ ಕಾಲ ಕಳೆದ ಮೇಲೆ ಪದರ ಪದರವಾಗಿ ಕಳಚಿದ ತುಕ್ಕು ಪುಡಿಯಾಗಿ ತಳದಲ್ಲಿ ಸೇರುತ್ತದೆ. ಹೊಸ ತುಕ್ಕು ಕಿತ್ತಳೆಗೆ ಹತ್ತಿರ, ಹಳೆಯದು ಕಡುಕಂದು, ತೀರ ಹಳೆಯದು ಕಪ್ಪಿಗೆ ತಿರುಗಿದ ಕಂದು. ಹೀಗಾಗಿ ಹಳೆಯ ಗಾಯವೊಂದರ ನಡುಭಾಗ ಕಡುವಾಗಿಯೂ ಅಂಚು ತಿಳಿಯಾಗಿಯೂ ಇರುವುದೇ ಹೆಚ್ಚು. ಮಾದರಿಯ ತುಂಬ ಒಂದೇ ಕಿತ್ತಳೆ ಬಣ್ಣ ಬಳಿದಾಗ ಅದು ಆಟಿಕೆಯಂತೆ ಕಾಣಲು ಮುಖ್ಯ ಕಾರಣ ಈ ವಯಸ್ಸಿನ ವ್ಯತ್ಯಾಸ ಅಲ್ಲಿ ಇಲ್ಲದಿರುವುದು.

ವಿಧಾನಕ್ಕಿಂತ ಮೊದಲು ಲೋಹವನ್ನೂ ಗುರುತಿಸಿಕೊಳ್ಳಬೇಕು. ನಮ್ಮ ಭಾಷೆಯೇ ಈ ಭೇದವನ್ನು ಮಾಡಿದೆ: ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಅಲ್ಯೂಮಿನಿಯಮ್ಮಿಗೆ ಇವೆರಡೂ ಇಲ್ಲ. ಅದು ಮಂಕಾಗಿ ಬಿಳಿಯ ಪುಡಿಯನ್ನು ತಳೆಯುತ್ತದೆ. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಒಸಾ ವರ್ಗದ ಕ್ಷಿಪಣಿ ದೋಣಿ. ಆ ವರ್ಗದ ದೋಣಿಗಳ ಒಡಲು ಉಕ್ಕಿನದು, ಮೇಲ್ಕಟ್ಟಡದಲ್ಲಿ ಉಕ್ಕಿನ ಜೊತೆ ಅಲ್ಯೂಮಿನಿಯಂ ಮಿಶ್ರಲೋಹವೂ ಇದೆ. ಅದರ ಮಾದರಿ ಮಾಡುವವರು ಒಡಲಿನ ಮೇಲೆ ಎಷ್ಟು ಕೆಂಪು ಇಳಿಗೆರೆ ಹಾಕಿದರೂ ನಡೆಯುತ್ತದೆ, ಮೇಲ್ಕಟ್ಟಡದ ಗೋಡೆಗಳ ಮೇಲೆ ಹಾಕುವಾಗ ಎರಡು ಸಲ ಯೋಚಿಸಬೇಕು. ರೈಲಿನಲ್ಲೂ ಹೀಗೆಯೇ. ಕಲ್ಲಿದ್ದಲು, ಅದಿರು ಸಾಗಿಸುವ ಬಾಕ್ಸ್‌-ಎನ್ ವ್ಯಾಗನ್ನಿನ ಪೆಟ್ಟಿಗೆ ಕಾರ್ಟೆನ್ ಎಂಬ, ತುಕ್ಕನ್ನು ತಡೆದುಕೊಳ್ಳುವ ಉಕ್ಕಿನದು. ಅದರ ಮೇಲೆ ಮೂಡುವ ತುಕ್ಕು ಗಟ್ಟಿಯಾಗಿ ಅಂಟಿಕೊಂಡು ಕಡುಕಂದು ಪದರವಾಗುತ್ತದೆ. ಅದರ ನಂತರದ ಹಗುರ ಆವೃತ್ತಿಯಾದ ಬಾಕ್ಸ್‌-ಎನ್-ಎಚ್‌ಎಲ್‌ನ ಪೆಟ್ಟಿಗೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಳಸಲಾಗಿದೆ. ಎರಡಕ್ಕೂ ಒಂದೇ ರೀತಿ ತುಕ್ಕು ಬಳಿದರೆ ನಿಲ್ದಾಣದಲ್ಲಿ ನಿಂತು ವ್ಯಾಗನ್ ನೋಡಿದವರಿಗೆ ಅದು ತಪ್ಪೆಂದು ತಕ್ಷಣ ತಿಳಿಯುತ್ತದೆ.

ಹಕ್ಕಳೆ ಎದ್ದ ಬಣ್ಣಕ್ಕೆ: ಸ್ಪಂಜು, ಹೇರ್ ಸ್ಪ್ರೇ, ಉಪ್ಪು

ಬಣ್ಣ ಕಿತ್ತುಹೋದ ಗುರುತುಗಳನ್ನು ಎರಡು ದಾರಿಯಲ್ಲಿ ತರಬಹುದು. ಮೇಲೆ ಬಣ್ಣ ಸೇರಿಸಿ ಕಿತ್ತಂತೆ ತೋರಿಸುವುದು ಒಂದು. ಕೆಳಗೆ ತುಕ್ಕಿನ ಬಣ್ಣ ಹಾಕಿ ಮೇಲಿನದನ್ನು ನಿಜವಾಗಿಯೇ ಕೀಳುವುದು ಇನ್ನೊಂದು. ಸ್ಪಂಜು ಮೊದಲನೆಯ ಜಾತಿಯದು, ಹೇರ್ ಸ್ಪ್ರೇ ಮತ್ತು ಉಪ್ಪು ಎರಡನೆಯವು.

ಸ್ಪಂಜಿಗೆ ಏನೂ ಖರ್ಚಿಲ್ಲ. ಪಾರ್ಸೆಲ್ಲಿನೊಳಗೆ ಬರುವ ಫೋಮಿನ ಒಂದು ಚೂರನ್ನು ಕತ್ತರಿಸದೆ ಕೈಯಿಂದ ಹರಿದು, ಕಡುಕಂದು ಅಕ್ರಿಲಿಕ್ ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಣ್ಣವೆಲ್ಲ ಬಹುತೇಕ ಹೋದ ಮೇಲೆ ಅಂಚುಗಳಿಗೆ ಮೃದುವಾಗಿ ತಾಗಿಸಬೇಕು. ಮೊದಲು ಮೂಲ ಬಣ್ಣದ ತಿಳಿ ಛಾಯೆಯಲ್ಲಿ ಒತ್ತಿ, ಆ ಚುಕ್ಕೆಗಳ ಒಳಗೆ ಕಡುಕಂದನ್ನು ಸಣ್ಣ ಬ್ರಷ್‌ನಿಂದ ತುಂಬಿದರೆ, ಮೇಲ್ಪದರ ಮಾತ್ರ ಕೆರೆದುಹೋದ ಜಾಗ ಮತ್ತು ಲೋಹದವರೆಗೂ ಹೋದ ಜಾಗ ಎರಡೂ ಬೇರೆಯಾಗಿ ಕಾಣುತ್ತವೆ. ಎಷ್ಟು, ಎಲ್ಲಿ ಎಂಬುದು ಪೂರ್ತಿ ನಮ್ಮ ಕೈಯಲ್ಲಿರುವುದು ಇದರ ದೊಡ್ಡ ಗುಣ. ತಪ್ಪಾದರೆ ಮೂಲ ಬಣ್ಣದಿಂದಲೇ ಮುಚ್ಚಬಹುದು. ಬಳಕೆಯಲ್ಲಿರುವ ವಾಹನಕ್ಕೆ, ಅಂದರೆ ನಾಲ್ಕಾರು ಕಡೆ ಮಾತ್ರ ಬಣ್ಣ ಕೆತ್ತಿಹೋದ ಟ್ಯಾಂಕಿಗೋ ಲಾರಿಗೋ ನಾನು ಬೇರೆ ವಿಧಾನ ಹುಡುಕುವುದಿಲ್ಲ. ಆದರೆ ಅಂಗೈ ಅಗಲದ ಜಾಗದಲ್ಲಿ ಬಣ್ಣ ಉದುರಿದ್ದನ್ನು ಸ್ಪಂಜಿನಿಂದ ತೋರಿಸಲು ಹೋದರೆ ಚುಕ್ಕೆಗಳೆಲ್ಲ ಒಂದೇ ಅಳತೆಯಲ್ಲಿ ಬಿದ್ದು, ಗೋಡೆಗೆ ಅಚ್ಚೊತ್ತಿದಂತೆ ಕಾಣುತ್ತದೆ.

ಅಂಥ ದೊಡ್ಡ ಗಾಯಗಳಿಗೆ ಹೇರ್ ಸ್ಪ್ರೇ ವಿಧಾನವೇ ಸರಿ. ಪ್ರೈಮರಿನ ಮೇಲೆ ಎರಡು ಮೂರು ಕಂದು ಮತ್ತು ಕಿತ್ತಳೆ ಛಾಯೆಗಳಲ್ಲಿ ತುಕ್ಕಿನ ಬಣ್ಣ ಹಾಕಿ, ಅದು ನೀರಿಗೆ ಏಳದಂತೆ ವಾರ್ನಿಷ್ ಮಾಡಿ, ಒಣಗಿದ ಮೇಲೆ ಹೇರ್ ಸ್ಪ್ರೇಯ ಎರಡು ತೆಳು ಲೇಪ ಕೊಡಬೇಕು. ಅದರ ಮೇಲೆ ವಾಹನದ ಮೂಲ ಬಣ್ಣವನ್ನು ಅಕ್ರಿಲಿಕ್ಕಿನಲ್ಲಿ ಗಾಳಿಯ ಒತ್ತಡದಿಂದ ಸಿಂಪಡಿಸಿ, ಅಂದರೆ ಏರ್‌ಬ್ರಷ್ ಮಾಡಿ, ಕಾಲು ಗಂಟೆಯಿಂದ ಅರ್ಧ ಗಂಟೆ ಬಿಟ್ಟು, ಉಗುರುಬೆಚ್ಚಗಿನ ನೀರಿನಿಂದ ಒದ್ದೆ ಮಾಡಿ, ಗಟ್ಟಿ ಕೂದಲಿನ ಗಿಡ್ಡ ಬ್ರಷ್‌ನಿಂದ ಉಜ್ಜಿದರೆ, ನೀರು ಒಳಗಿಳಿದು ಹೇರ್ ಸ್ಪ್ರೇ ಕರಗಿ, ಮೇಲಿನ ಬಣ್ಣ ಚೂರುಚೂರಾಗಿ ಏಳುತ್ತದೆ. ಕಿತ್ತುಹೋದ ಬಣ್ಣದ ಅಂಚಿಗೆ ಇಲ್ಲಿ ನಿಜವಾದ ದಪ್ಪವಿರುತ್ತದೆ. ಆ ಸಣ್ಣ ನೆರಳೇ ಕಣ್ಣನ್ನು ನಂಬಿಸುವುದು. ಮುಗಿದ ಮೇಲೆ ಮತ್ತೆ ವಾರ್ನಿಷ್ ಮಾಡದಿದ್ದರೆ, ಮುಂದೆ ನೀರು ತಾಗಿದಾಗಲೆಲ್ಲ ಬಣ್ಣ ಏಳುತ್ತಲೇ ಇರುತ್ತದೆ.

ಇಲ್ಲಿ ಮೇಲ್ಬಣ್ಣದ ಆಯ್ಕೆ ಬಹಳ ಮುಖ್ಯ. ತಮಿಯಾ ಕಂಪನಿಯ ಅಕ್ರಿಲಿಕ್ಕನ್ನು ನೀರಿನಲ್ಲಿ ತೆಳುಮಾಡಿ ಹಾಕಿದರೆ ಸಣ್ಣ ಚೂಪಾದ ಚೂರುಗಳಾಗಿ ಏಳುತ್ತದೆ. ವಾಲ್ಯೆಹೋ ಕಂಪನಿಯಂಥವರ ಬಣ್ಣಗಳು ರಬ್ಬರಿನಂತೆ ಪೊರೆ ಕಟ್ಟುವುದರಿಂದ ದೊಡ್ಡ ಹಾಳೆಯಾಗಿ ಕಿತ್ತುಬರುವ ಸಂಭವ ಹೆಚ್ಚು. ಎನಾಮಲ್ ಅಥವಾ ಲ್ಯಾಕರ್ ಬಣ್ಣ ಹಾಕಿದರೆ ನೀರು ಒಳಗೆ ಹೋಗುವುದೇ ಕಷ್ಟ, ಇಡೀ ಶ್ರಮ ವ್ಯರ್ಥವಾಗುತ್ತದೆ. ಕಾಲದ ವಿಷಯದಲ್ಲೂ ಈ ವಿಧಾನಕ್ಕೆ ತಾಳ್ಮೆ ಕಡಿಮೆ. ಶನಿವಾರ ಬಣ್ಣ ಹಾಕಿ ಮುಂದಿನ ವಾರಾಂತ್ಯಕ್ಕೆ ಉಜ್ಜಿದ ನನ್ನದೊಂದು ಲಾರಿಯಲ್ಲಿ ಒಂದು ಚೂರೂ ಏಳದೆ, ಬಲವಾಗಿ ತಿಕ್ಕಿದಾಗ ಕೆಳಗಿನ ತುಕ್ಕಿನ ಬಣ್ಣವೂ ಸೇರಿ ಪ್ಲಾಸ್ಟಿಕ್ಕೇ ಕಾಣಿಸಿತು. ಬಣ್ಣ ಹಾಕಿದ ದಿನವೇ ಉಜ್ಜಿ ಮುಗಿಸುವಷ್ಟು ಬಿಡುವಿಲ್ಲದಿದ್ದರೆ ಅಂದು ಹೇರ್ ಸ್ಪ್ರೇ ಕೈಗೆತ್ತಿಕೊಳ್ಳಬೇಡಿ. ಇದೇ ಕೆಲಸಕ್ಕೆಂದು ಎಕೆ ಇಂಟರ್‌ಆ್ಯಕ್ಟಿವ್ ಮೊದಲಾದವರು ಮಾರುವ ಚಿಪ್ಪಿಂಗ್ ದ್ರವಗಳು ಏರ್‌ಬ್ರಷ್‌ನಲ್ಲಿ ಹದವಾಗಿ, ಬೇಕಾದಷ್ಟೇ ದಪ್ಪದಲ್ಲಿ ಕೂರುತ್ತವೆ. ಹೇರ್ ಸ್ಪ್ರೇ ಡಬ್ಬಿಯಿಂದ ಹನಿಹನಿಯಾಗಿ ಚೆಲ್ಲುವ ತೊಂದರೆ ಅವುಗಳಲ್ಲಿಲ್ಲ. ಆದರೂ ಹೊರದೇಶದಿಂದ ತರಿಸಿದ ಸಣ್ಣ ಬಾಟಲಿಗೆ ಕೊಡುವ ಹಣಕ್ಕೆ ಹೋಲಿಸಿದರೆ, ಕಲಿಯುವವರಿಗೆ ಅಂಗಡಿಯ ಸಾಮಾನ್ಯ ಹೇರ್ ಸ್ಪ್ರೇಯೇ ಸಾಕು.

ಉಪ್ಪಿನ ವಿಧಾನದಲ್ಲಿ ತುಕ್ಕಿನ ಬಣ್ಣದ ಮೇಲೆ ನೀರು ಹಚ್ಚಿ, ಉಪ್ಪು ಉದುರಿಸಿ, ಒಣಗಲು ಬಿಟ್ಟು, ಮೇಲೆ ಮೂಲ ಬಣ್ಣ ಹಾಕಿ, ಕೊನೆಗೆ ಉಪ್ಪನ್ನು ಉಜ್ಜಿ ತೆಗೆಯುತ್ತಾರೆ. ಹರಳು ಕುಳಿತ ಜಾಗದಲ್ಲೆಲ್ಲ ತುಕ್ಕು ಕಾಣುತ್ತದೆ. ನಮ್ಮ ಅಡುಗೆಮನೆಯ ಕಲ್ಲುಪ್ಪನ್ನು ಕುಟ್ಟಿದರೆ ದೊಡ್ಡ ಹರಳಿನಿಂದ ಹಿಡಿದು ಪುಡಿಯವರೆಗೆ ಎಲ್ಲ ಗಾತ್ರವೂ ಒಟ್ಟಿಗೆ ಸಿಗುವುದರಿಂದ, ಒಂದೇ ಅಳತೆಯ ಪುಡಿಯುಪ್ಪಿಗಿಂತ ಅದು ಈ ಕೆಲಸಕ್ಕೆ ಒಳ್ಳೆಯದು. ಉಪ್ಪಿನಿಂದ ಮೂಡುವ ಗುರುತಿನ ಅಂಚುಗಳು ಕೈಯಿಂದ ಬರೆಯಲಾಗದಷ್ಟು ಅಂಕುಡೊಂಕಾಗಿರುತ್ತವೆ, ಅದೇ ಅದರ ಆಕರ್ಷಣೆ. ಹರಳು ಎಲ್ಲಿ ಕೂರುತ್ತದೆಂಬುದು ಮಾತ್ರ ನಮ್ಮ ಹಿಡಿತದಲ್ಲಿಲ್ಲ. ನೆಟ್ಟಗಿನ ಗೋಡೆಗಳಲ್ಲಿ ಅದು ಜಾರಿ ಕೆಳಗೆ ಗುಂಪಾಗುತ್ತದೆ. ಇನ್ನೊಂದು ಅಪಾಯವಿದೆ. ಒಂದು ವ್ಯಾಗನ್ನಿನ ಮೂಲೆಯಲ್ಲಿ ಉಳಿದ ಉಪ್ಪನ್ನು ನಾನು ಸರಿಯಾಗಿ ತೊಳೆದಿರಲಿಲ್ಲ. ಮಳೆಗಾಲದ ತೇವ ಎಳೆದುಕೊಂಡ ಆ ಉಪ್ಪು, ಪಕ್ಕದಲ್ಲಿದ್ದ ಹಿತ್ತಾಳೆಯ ಸಣ್ಣ ಹಿಡಿಕೆಗೆ ಕಿಲುಬು ಹಿಡಿಸಿ, ಬಿಳಿಯ ಬಣ್ಣದ ಅಡಿಯಿಂದ ಹಸಿರು ಕಲೆ ಎಬ್ಬಿಸಿತು. ತೆಳು ತಗಡನ್ನು ರಾಸಾಯನಿಕದಿಂದ ಕೊರೆದು ಮಾಡುವ ಹಿತ್ತಾಳೆಯ ಎಚ್ಚಿಂಗ್ ಭಾಗಗಳಿರುವ ಮಾದರಿಗೆ ಅಂದಿನಿಂದ ನಾನು ಉಪ್ಪು ಮುಟ್ಟಿಲ್ಲ. ಲೋಹದ ಭಾಗವಿಲ್ಲದ, ಬಹುಕಾಲ ಬಯಲಲ್ಲಿ ಬಿದ್ದಿರುವ ಲಾರಿಯ ಚಾವಣಿಯಂಥ ಮಲಗಿದ ಮೇಲ್ಮೈಗಳಿಗೆ ಮಾತ್ರ ಇದನ್ನು ಶಿಫಾರಸು ಮಾಡುತ್ತೇನೆ.

ಕಲೆ ಮತ್ತು ಇಳಿಗೆರೆಗೆ: ತೈಲವರ್ಣವೋ ಎನಾಮಲ್ಲೋ?

ಈ ಹಂತಕ್ಕೆ ಅಕ್ರಿಲಿಕ್ ವಾಶ್‌ಗಳೂ ಇವೆ, ಆದರೆ ಅವು ನಿಮಿಷಗಳಲ್ಲಿ ಒಣಗಿ ಸುತ್ತಲೂ ನೀರಿನ ಗುರುತಿನಂಥ ಗೆರೆ ಬಿಡುತ್ತವೆ. ಒಮ್ಮೆ ಒಣಗಿದ್ದನ್ನು ತಿದ್ದಲಾಗದು. ಬೋಲ್ಟುಗಳ ಸುತ್ತ ಸಣ್ಣ ನೆರಳು ತುಂಬಲು ಮಾತ್ರ ಅವು ಸಾಕು.

ನಿಜವಾದ ಆಯ್ಕೆ ಇರುವುದು ಎನಾಮಲ್ ಮತ್ತು ತೈಲವರ್ಣಗಳ ನಡುವೆ. ಎನಾಮಲ್ಲಿನ ತಯಾರಿ ವಾಶ್‌ಗಳು ಸರಿಯಾದ ತೆಳುವಿನಲ್ಲೇ ಸಿಗುತ್ತವೆ, ಒಂದೆರಡು ಗಂಟೆಯಲ್ಲಿ ಕೈಗೆ ಅಂಟದಷ್ಟು ಒಣಗುತ್ತವೆ, ಅಷ್ಟರೊಳಗೆ ಥಿನ್ನರ್ ತೇವದ ಬ್ರಷ್‌ನಿಂದ ತಿದ್ದಲು ಸಮಯವೂ ಸಿಗುತ್ತದೆ. ತೈಲವರ್ಣ ಒಣಗಲು ದಿನಗಳೇ ಬೇಕು, ಆದರೆ ಛಾಯೆಗಳನ್ನು ಮಾದರಿಯ ಮೇಲೆಯೇ ಒಂದರೊಳಗೊಂದು ಬೆರೆಸುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ರಾ ಸಿಯೆನ್ನಾ ಈ ಮೂರೇ ಟ್ಯೂಬುಗಳು ತುಕ್ಕಿನ ಬಹುತೇಕ ಎಲ್ಲ ಛಾಯೆಗಳನ್ನೂ ಕೊಡುತ್ತವೆ. ಸಾಂಪ್ರದಾಯಿಕವಾಗಿ ಇವು ಕಬ್ಬಿಣದ ಆಕ್ಸೈಡ್ ಇರುವ ಮಣ್ಣಿನಿಂದಲೇ ಮಾಡಿದ ಬಣ್ಣಗಳಾದ್ದರಿಂದ ಅದರಲ್ಲಿ ಆಶ್ಚರ್ಯವೂ ಇಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಉಳಿದವಕ್ಕಿಂತ ಬೇಗ ಒಣಗುತ್ತದೆ ಎಂಬುದನ್ನೂ ನೆನಪಿಡುವುದು ಒಳ್ಳೆಯದು. ಚಿತ್ರಕಲೆಯ ಸಾಮಾನು ಮಾರುವ ಅಂಗಡಿಗಳಲ್ಲೆಲ್ಲ ಇವು ಸಿಗುತ್ತವೆ, ಒಂದು ಟ್ಯೂಬು ವರ್ಷಗಟ್ಟಲೆ ಬರುತ್ತದೆ.

ತೈಲವರ್ಣವನ್ನು ಬಳಸುವ ಮೊದಲು ಅರ್ಧ ಗಂಟೆಯಾದರೂ ರಟ್ಟಿನ ಮೇಲೆ ಹಿಂಡಿಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಆಗ ಅದು ಬೇಗ ಒಣಗುವುದಲ್ಲದೆ ಹೊಳಪೂ ಕಡಿಮೆಯಾಗುತ್ತದೆ. ಇಳಿಗೆರೆಗೆ ಬೋಲ್ಟಿನ ಕೆಳಗೆ ಸೂಜಿಮೊನೆಯಷ್ಟು ಬಣ್ಣ ಇಟ್ಟು, ತೈಲವರ್ಣವನ್ನು ತೆಳುಮಾಡುವ ವೈಟ್ ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಬ್ರಷ್ ಹೆಚ್ಚು ಒದ್ದೆಯಾಗಿದ್ದರೆ ಗೆರೆಯ ಬದಲು ಮಚ್ಚೆ ಬರುತ್ತದೆ. ಕೆಳಗಿನ ವಾರ್ನಿಷ್ ಯಾವುದೆಂಬುದೂ ಫಲವನ್ನು ಬದಲಿಸುತ್ತದೆ: ಹೊಳಪಿನ ವಾರ್ನಿಷ್ ಮೇಲೆ ವಾಶ್ ಸಂದುಗಳಿಗೆ ಹರಿದುಹೋಗುತ್ತದೆ, ಮ್ಯಾಟ್ ವಾರ್ನಿಷ್ ಮೇಲೆ ಇಟ್ಟಲ್ಲೇ ಹೀರಿಕೊಂಡು ಕಲೆಯಾಗುತ್ತದೆ. ತುಕ್ಕಿನ ಕಲೆಗೆ ಎರಡರ ನಡುವಿನ ಸ್ಯಾಟಿನ್ ನನಗೆ ಹಿಡಿಸಿದೆ. ಟರ್ಪೆಂಟೈನನ್ನು ಧಾರಾಳವಾಗಿ ಸುರಿದರೆ ಬರಿಯ ಪಾಲಿಸ್ಟೈರೀನ್ ಪ್ಲಾಸ್ಟಿಕ್, ಅದರಲ್ಲೂ ಬಿಗಿಯಾಗಿ ಬಾಗಿಸಿ ಅಂಟಿಸಿದ ಭಾಗಗಳು, ಬಿರುಕು ಬಿಡಬಹುದು. ಕಿಟಕಿ ತೆರೆದಿಟ್ಟು, ಸ್ವಲ್ಪವೇ ಬಳಸುವುದು ಮಾದರಿಗೂ ಶ್ವಾಸಕ್ಕೂ ಕ್ಷೇಮ.

ಪುಡಿ ಮತ್ತು ಒರಟುತನಕ್ಕೆ

ತುಕ್ಕಿನ ಕೊನೆಯ ಹಂತವಾದ ಪುಡಿಗೆ ಪಿಗ್ಮೆಂಟಿಗಿಂತ ಸಮರ್ಥವಾದುದಿಲ್ಲ. ಮಾದರಿಗೆಂದೇ ಮಾರುವ ಪಿಗ್ಮೆಂಟುಗಳು ಬಹಳ ನುಣುಪಾಗಿರುತ್ತವೆ. ಮೃದು ಪಾಸ್ಟೆಲ್ ಕಡ್ಡಿಯನ್ನು ಮರಳುಕಾಗದದ ಮೇಲೆ ತೇಯ್ದರೂ ಕೆಲಸ ನಡೆಯುತ್ತದೆ, ಹಿಡಿತ ಸ್ವಲ್ಪ ಕಡಿಮೆ. ಕರಾವಳಿಯ ದೇವಾಲಯಗಳ ಕಾವಿ ಚಿತ್ರಗಳಿಗೆ ಬಣ್ಣ ಕೊಟ್ಟ ಕೆಮ್ಮಣ್ಣೂ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದನ್ನು ಕೆಂಪಾಗಿಸಿರುವುದೂ ಕಬ್ಬಿಣದ ಆಕ್ಸೈಡೇ. ಆದರೆ ಅದನ್ನು ಅರೆದು ವಸ್ತ್ರಗಾಳಿತ ಮಾಡದೆ ಹಚ್ಚಿದರೆ ಕಣಗಳು ಕಲ್ಲಿನಂತೆ ಕಾಣುತ್ತವೆ. ಅರೆಯುವಾಗ ಮೂಗಿಗೆ ಮಾಸ್ಕ್ ಇರಲೇಬೇಕು.

ಪಿಗ್ಮೆಂಟನ್ನು ವೈಟ್ ಸ್ಪಿರಿಟ್ ಅಥವಾ ಫಿಕ್ಸರಿನಿಂದ ಅಂಟಿಸಿದಾಗ ಅದು ಕಡುವಾಗುತ್ತದೆ. ಒಣಗಿದ ಮೇಲೆ ಸ್ವಲ್ಪ ತಿಳಿಯಾದರೂ ಒಣಪುಡಿಯ ಬಣ್ಣ ಪೂರ್ತಿ ಮರಳುವುದಿಲ್ಲ. ಮೇಲೆ ವಾರ್ನಿಷ್ ಹೊಡೆದರಂತೂ ಮೊದಲಿನ ಪುಡಿಯ ನೋಟ ಬಹುಪಾಲು ಹೋಗುತ್ತದೆ. ಆದ್ದರಿಂದ ಪಿಗ್ಮೆಂಟ್ ಯಾವಾಗಲೂ ಕೊನೆಯ ಕೆಲಸವಾಗಬೇಕು.

ಕಬ್ಬಿಣದ ಪುಡಿ ಬೆರೆಸಿದ ಲೇಪಕ್ಕೆ ತುಕ್ಕು ಹಿಡಿಸುವ ದ್ರವ ಹಾಕುವ ವಿಧಾನದಲ್ಲಿ ಬರುವುದು ಸಾಕ್ಷಾತ್ ತುಕ್ಕೇ, ಬಣ್ಣದ ಬಗ್ಗೆ ದೂರುವಂತಿಲ್ಲ. ತೊಂದರೆ ಇರುವುದು ಕಣದ ಗಾತ್ರದಲ್ಲಿ. ನಿಜವಾದ ತುಕ್ಕು ಮಾದರಿಗಾಗಿ ಕಿರಿದಾಗುವುದಿಲ್ಲ. 0.2 ಮಿ.ಮೀ. ಕಣವೊಂದು 1:35 ಅಳತೆಯಲ್ಲಿ, ಅಂದರೆ ಮೂಲದ ಮೂವತ್ತೈದರಲ್ಲಿ ಒಂದರಷ್ಟು ಗಾತ್ರದ ಮಾದರಿಯಲ್ಲಿ, 7 ಮಿ.ಮೀ. ಗಂಟಿಗೆ ಸಮ, 1:87ರಲ್ಲಿ 17 ಮಿ.ಮೀ.ಗೂ ಹೆಚ್ಚು. ಟ್ಯಾಂಕಿನ ಹೊಗೆಕೊಳವೆಗೆ, ಶಾಖದಿಂದ ಬಣ್ಣವೆಲ್ಲ ಸುಟ್ಟು ಒರಟಾಗಿರುವ ಆ ಒಂದು ಭಾಗಕ್ಕೆ 1:35ರಲ್ಲಿ ಇದು ಒಪ್ಪುತ್ತದೆ. ಅದಕ್ಕಿಂತ ಚಿಕ್ಕ ಮಾದರಿಗೆ ಬೇಡ.

ಅಳತೆ ಮತ್ತು ಬಳಕೆ ನೋಡಿ ನಿರ್ಧಾರ

ಇದೇ ಲೆಕ್ಕವನ್ನು ಹಕ್ಕಳೆಗಳಿಗೂ ಹಾಕಬೇಕು. ಮಾದರಿಯ ಮೇಲೆ 1 ಮಿ.ಮೀ. ಅಗಲ ಕಿತ್ತುಹೋದ ಬಣ್ಣ 1:35ರಲ್ಲಿ ಮೂರೂವರೆ ಸೆಂ.ಮೀ., 1:72ರಲ್ಲಿ ಏಳು ಸೆಂ.ಮೀ. ಮೀರಿದ್ದು, 1:700ರ ಹಡಗಿನಲ್ಲಿ 70 ಸೆಂ.ಮೀ. ಹಾಗಾಗಿ 1:700ರ ಹಡಗಿಗೆ ಸ್ಪಂಜು, ಹೇರ್ ಸ್ಪ್ರೇ, ಉಪ್ಪು ಮೂರನ್ನೂ ಬಿಟ್ಟು, ಲಂಗರಿನ ಸರಪಳಿ ಇಳಿಯುವ ರಂಧ್ರದಿಂದ ಮತ್ತು ನೀರು ಹೊರಬೀಳುವ ತೂತುಗಳಿಂದ ತೈಲವರ್ಣದ ಕೂದಲೆಳೆಯಂಥ ಇಳಿಗೆರೆಗಳನ್ನು ಎಳೆದರೆ ಸಾಕು.

1:35ರ, ಬಯಲಲ್ಲಿ ಬಿಟ್ಟುಹೋದ ಲಾರಿಗೆ ನಾನು ಆರಿಸುವುದು ಹೇರ್ ಸ್ಪ್ರೇಯಿಂದ ಹಕ್ಕಳೆ, ತೈಲವರ್ಣದಿಂದ ಕಲೆ, ತಳದಲ್ಲಿ ಪಿಗ್ಮೆಂಟ್, ಇದೇ ಕ್ರಮದಲ್ಲಿ. ಅದೇ ಅಳತೆಯ, ಸೇವೆಯಲ್ಲಿರುವ ಟ್ಯಾಂಕಿಗೆ ಸ್ಪಂಜು ಮತ್ತು ಎನಾಮಲ್ ವಾಶ್ ಸಾಕು. ಸೇನೆಯ ವಾಹನಕ್ಕೆ ಆಗಾಗ ಬಣ್ಣ ಬಳಿಯುತ್ತಾರೆ. ಅದರ ಮೇಲೆ ಧೂಳು ಮತ್ತು ಕೆಸರು ತುಕ್ಕಿಗಿಂತ ಹೆಚ್ಚಿರುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವ್ಯಾಗನ್. ಸುಮಾರು 10.7 ಮೀಟರ್ ಉದ್ದದ ಬಾಕ್ಸ್‌-ಎನ್ 1:87ರಲ್ಲಿ ಹನ್ನೆರಡು ಸೆಂ.ಮೀ. ಚಿಲ್ಲರೆ ಆಗುತ್ತದೆ. ಅದರ ತುಕ್ಕೆಲ್ಲ ಹೊರಗಿದೆ ಎಂದುಕೊಂಡು ಬಹಳ ಜನ ಒಳಗನ್ನು ಮರೆಯುತ್ತಾರೆ. ಅದಿರು, ಕಲ್ಲಿದ್ದಲು ಬಿದ್ದು ಉಜ್ಜಿ ಬಣ್ಣ ಹೋಗುವುದು ಒಳಗಿನ ಗೋಡೆ ಮತ್ತು ತಳದಲ್ಲಿ, ಆದ್ದರಿಂದ ಹೇರ್ ಸ್ಪ್ರೇ ಬಳಸುವುದಾದರೆ ಅಲ್ಲಿ ಬಳಸಿ. ಹೊರಗಿನ ಗೋಡೆಯ ಕಂಬಗಳ ಬುಡಕ್ಕೆ ಎನಾಮಲ್, ಬಾಗಿಲುಗಳ ಕೀಲಿನ ಕೆಳಗೆ ತೈಲವರ್ಣದ ಇಳಿಗೆರೆ. ಬಳ್ಳಾರಿ, ಹೊಸಪೇಟೆ, ಸಂಡೂರಿನ ಕಡೆಯ ಅದಿರಿನ ವ್ಯಾಗನ್ ಆದರೆ ಇನ್ನೊಂದು ಎಚ್ಚರಿಕೆ ಬೇಕು: ಅಲ್ಲಿಯ ಹೆಮಟೈಟ್ ಅದಿರಿನ ಧೂಳೂ ಕಬ್ಬಿಣದ ಆಕ್ಸೈಡೇ, ಆದರೆ ಅದು ತುಕ್ಕಲ್ಲ. ಧೂಳು ಮೇಲಂಚು, ಪಟ್ಟಿ, ತಳದ ಚೌಕಟ್ಟು ಹೀಗೆ ಕೂರಲು ಜಾಗವಿರುವ ಕಡೆಯಲ್ಲೆಲ್ಲ ಸಮನಾಗಿ ಕೂರುತ್ತದೆ, ಬಣ್ಣ ಕಡುಗೆಂಪು. ತುಕ್ಕು ಸಂದಿನಲ್ಲಿ ಹುಟ್ಟಿ ಕೆಳಗಿಳಿಯುತ್ತದೆ, ಬಣ್ಣ ಕಂದು-ಕಿತ್ತಳೆ. ಧೂಳಿಗೆ ಪಿಗ್ಮೆಂಟ್, ತುಕ್ಕಿಗೆ ಎಣ್ಣೆಯ ಬಣ್ಣ ಎಂದು ಎರಡಕ್ಕೂ ಬೇರೆ ಸಾಮಗ್ರಿ ಇಟ್ಟುಕೊಂಡರೆ ಆ ವ್ಯತ್ಯಾಸ ತಾನಾಗಿ ಉಳಿಯುತ್ತದೆ.

ವ್ಯಾಗನ್ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲುತ್ತದೆಯೋ ಹಳಿಯ ಮೇಲೆ ಓಡುತ್ತದೆಯೋ ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಓಡುವ ವ್ಯಾಗನ್ನನ್ನು ಪ್ರತಿಸಲ ಬೆರಳಿನಿಂದ ಹಿಡಿದೆತ್ತಬೇಕಾಗುತ್ತದೆ, ಪಿಗ್ಮೆಂಟ್ ಹಚ್ಚಿದ ಪಕ್ಕಗಳ ಮೇಲೆ ಬೆರಳಚ್ಚು ಬೀಳುತ್ತದೆ. ಉದುರಿದ ಪುಡಿ ಗಾಲಿಯ ಮೂಲಕ ಹಳಿಗೆ ತಗುಲಿ ವಿದ್ಯುತ್ ಸಂಪರ್ಕಕ್ಕೂ ಅಡ್ಡಿ ಮಾಡುತ್ತದೆ. ಅಂಥದ್ದಕ್ಕೆ ಧೂಳನ್ನೂ ತುಂಬ ತೆಳುಮಾಡಿದ ಮ್ಯಾಟ್ ಬಣ್ಣದಲ್ಲಿ ಏರ್‌ಬ್ರಷ್ ಮಾಡಿ, ಮೇಲೆ ಮ್ಯಾಟ್ ವಾರ್ನಿಷ್ ಕೊಟ್ಟು, ಪಿಗ್ಮೆಂಟನ್ನು ಬೆರಳು ತಾಗದ ಒಳಭಾಗಕ್ಕಷ್ಟೇ ಮೀಸಲಿಡಿ. ಆ ವಾರ್ನಿಷನ್ನು ಮಳೆ ಸುರಿಯುತ್ತಿರುವ ದಿನ ಹೊಡೆಯಬೇಡಿ. ಗಾಳಿಯ ತೇವಕ್ಕೆ ಅದು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ, ಕಡುಕಂದು ತುಕ್ಕಿನ ಮೇಲೆ ಆ ಬಿಳುಪು ಬೇರೆ ಯಾವ ಬಣ್ಣದ ಮೇಲಿಗಿಂತಲೂ ಎದ್ದು ಕಾಣುತ್ತದೆ.